ನೀರು ಇಂಗಿಸುವ ಪಾರ್ಕಿಂಗ್ ನೆಲ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಪರ್ವಿಯಸ್ ಕಾಂಕ್ರೀಟ್ ಹಾಕಿದ ಪಾರ್ಕಿಂಗ್ ಜಾಗದಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಚರಂಡಿ ಕಡೆ ಹರಿಯುವುದಿಲ್ಲ. ಬಿದ್ದ ಜಾಗದಲ್ಲೇ ಇಂಗಿ ಹೋಗುತ್ತದೆ. ನೋಡಿದವರಿಗೆ ಮೊದಲು ಖುಷಿ, ಆಮೇಲೆ ಅನುಮಾನ. ಇಷ್ಟೊಂದು ತೂತಿರುವ ಕಾಂಕ್ರೀಟ್ ಕಾರಿನ ಭಾರವನ್ನು ಎಷ್ಟು ವರ್ಷ ತಡೆದೀತು? ತೂತುಗಳಲ್ಲಿ ಮಣ್ಣು ತುಂಬಿಕೊಂಡರೆ ಅಲ್ಲಿಗೆ ಕಥೆ ಮುಗೀತು ಅಲ್ವಾ?

ಕೇಳಬೇಕಾದ ಪ್ರಶ್ನೆಗಳೇ. ಆದರೆ ಕಾರಿನ ಭಾರಕ್ಕೆ ಈ ನೆಲ ಒಡೆಯುವುದು ಅಪರೂಪ. ಅದು ಕೆಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಮೇಲಿನ ಜಲ್ಲಿ ಒಂದೊಂದಾಗಿ ಕಿತ್ತು ಬರುತ್ತದೆ. ಇನ್ನೊಂದು, ತೂತುಗಳು ಕಟ್ಟಿಕೊಳ್ಳುತ್ತವೆ. ಮೊದಲನೆಯದು ಬಹುಪಾಲು ಕಾಂಕ್ರೀಟ್ ಹಾಕಿದ ದಿನ ಮತ್ತು ಅದರ ಮುಂದಿನ ಒಂದು ವಾರದಲ್ಲೇ ತೀರ್ಮಾನವಾಗಿರುತ್ತದೆ. ಎರಡನೆಯದು ಸುತ್ತಲಿನ ಮಣ್ಣು ಎಲ್ಲಿಗೆ ಹರಿಯುತ್ತದೆ, ನೆಲವನ್ನು ಯಾರಾದರೂ ಗುಡಿಸುತ್ತಾರಾ ಅನ್ನುವುದರ ಮೇಲೆ ನಿಂತಿದೆ. ಒಳ್ಳೆಯ ಕೆಲಸ, ಒಳ್ಳೆಯ ನಿಗಾ ಎರಡೂ ಇದ್ದರೆ 20ರಿಂದ 30 ವರ್ಷ ಬಾಳಿಕೆ ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಎರಡೂ ಇಲ್ಲದಿದ್ದರೆ ಎರಡು ಮೂರು ವರ್ಷಕ್ಕೇ ಕೆಟ್ಟು ಕೂತಿರುತ್ತದೆ.

ಒಳಗೆ ಏನಿದೆ?

ಸಾಮಾನ್ಯ ಕಾಂಕ್ರೀಟ್‌ನಲ್ಲಿ ಜಲ್ಲಿ, ಮರಳು, ಸಿಮೆಂಟ್, ನೀರು ಇರುತ್ತವೆ. ಜಲ್ಲಿಯ ನಡುವಿನ ಸಂದುಗಳನ್ನು ಮರಳು ಮತ್ತು ಸಿಮೆಂಟ್ ತುಂಬುತ್ತವೆ. ಪರ್ವಿಯಸ್ ಕಾಂಕ್ರೀಟ್‌ನಲ್ಲಿ ಮರಳನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಚೂರೇ ಚೂರು ಹಾಕುತ್ತಾರೆ. ಹೆಚ್ಚುಕಡಿಮೆ ಒಂದೇ ಗಾತ್ರದ ಜಲ್ಲಿ ಬಳಸುತ್ತಾರೆ. ಸಿಮೆಂಟ್ ಪೇಸ್ಟ್ ಪ್ರತಿ ಕಲ್ಲಿನ ಸುತ್ತ ತೆಳ್ಳಗೆ ಅಂಟಿರುತ್ತದೆ. ಕಲ್ಲು ಕಲ್ಲಿಗೆ ತಾಗುವ ಕಡೆ ಮಾತ್ರ ಬೆಸುಗೆ, ಉಳಿದದ್ದೆಲ್ಲ ಖಾಲಿ. ಒಟ್ಟು ಗಾತ್ರದ ಶೇ. 15ರಿಂದ 25ರಷ್ಟು ಹೀಗೆ ಖಾಲಿ ಇರುತ್ತದೆ. ಆ ಸಂದುಗಳು ಒಂದಕ್ಕೊಂದು ಸೇರಿಕೊಂಡಿರುವುದರಿಂದಲೇ ನೀರು ಕೆಳಗಿಳಿಯುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನಲ್ಲಿ 1852ರಲ್ಲೇ ಮರಳಿಲ್ಲದ ಕಾಂಕ್ರೀಟ್‌ನಿಂದ ಮನೆ ಕಟ್ಟಿದ್ದರು. ಮಳೆನೀರಿಗಾಗಿ ಇದನ್ನು ನೆಲಕ್ಕೆ ಹಾಕುವ ಕೆಲಸ ಅಮೆರಿಕದ ಫ್ಲೋರಿಡಾದಲ್ಲಿ 1970ರ ದಶಕದಿಂದ ಬೆಳೆಯಿತು.

ಖಾಲಿ ಜಾಗ ಜಾಸ್ತಿ ಇದ್ದರೆ ಬಲ ಕಡಿಮೆ ಆಗಲೇಬೇಕು. ಇದರ ಒತ್ತುಬಲ (ಒತ್ತಿದರೆ ಒಡೆಯದೆ ತಡೆಯುವ ಶಕ್ತಿ) ಸಾಮಾನ್ಯವಾಗಿ 17 ಮೆಗಾಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಮಿಕ್ಸ್ ನೋಡಿಕೊಂಡು 3.5ರಿಂದ 28ರವರೆಗೂ ಇರಬಹುದು. ಕಾರುಗಳು ಬಂದು ನಿಲ್ಲುವ ಜಾಗಕ್ಕೆ 17 ಸಾಕು. ಅದಕ್ಕೆ ತಕ್ಕಂತೆ 150 ಮಿಲಿಮೀಟರ್ ದಪ್ಪ ಹಾಕುತ್ತಾರೆ, ಕೆಳಗೆ ಜಲ್ಲಿಯ ಬೆಡ್ ಇರುತ್ತದೆ. ಹಾಗಾಗಿ ಭಾರ ಹೊರುವ ಲೆಕ್ಕ ಇಲ್ಲಿ ದೊಡ್ಡ ತಲೆನೋವಲ್ಲ. ಕಸದ ಲಾರಿ, ಸರಕಿನ ಟ್ರಕ್ ದಿನಾ ಓಡಾಡುವ ದಾರಿಗೆ ಮಾತ್ರ ಇದು ಹೇಳಿದ ನೆಲವಲ್ಲ. ಅಲ್ಲಿಗೆ ಸಾಮಾನ್ಯ ಕಾಂಕ್ರೀಟ್ ಹಾಕಿ, ಕಾರು ನಿಲ್ಲುವ ಕಡೆ ಮಾತ್ರ ಇದನ್ನು ಹಾಕುವುದೇ ಮೇಲು.

ಹಾಕಿದ ದಿನವೇ ಅರ್ಧ ತೀರ್ಮಾನ

ಈ ನೆಲದ ಆಯಸ್ಸನ್ನು ಹೆಚ್ಚುಕಡಿಮೆ ಮಾಡುವುದು ನೀರಿನ ಅಳತೆ. ಸಿಮೆಂಟಿನ ತೂಕದ ಮೂರನೇ ಒಂದು ಪಾಲಿನಷ್ಟು ನೀರು, ಸಾಮಾನ್ಯವಾಗಿ 0.27ರಿಂದ 0.34ರ ಅನುಪಾತ. ಇದು ಬಹಳ ಕಡಿಮೆ. ಸ್ವಲ್ಪ ಜಾಸ್ತಿಯಾದರೂ ಪೇಸ್ಟ್ ತೆಳ್ಳಗಾಗಿ ಕಲ್ಲಿನಿಂದ ಜಾರಿ ಕೆಳಗಿಳಿದು, ತಳದಲ್ಲಿ ಒಂದು ಗಟ್ಟಿ ಪದರವಾಗಿ ಕೂತುಬಿಡುತ್ತದೆ. ಮೇಲೆ ನೋಡಿದರೆ ತೂತುಗಳೆಲ್ಲ ಚೆನ್ನಾಗಿ ಕಾಣುತ್ತವೆ, ತಳ ಮಾತ್ರ ಮುಚ್ಚಿಹೋಗಿರುತ್ತದೆ. ನೀರು ಕಡಿಮೆಯಾದರೆ ಪೇಸ್ಟ್ ಸರಿಯಾಗಿ ಅಂಟುವುದೇ ಇಲ್ಲ, ಕಲ್ಲುಗಳು ಬಿಡಿಬಿಡಿಯಾಗಿ ಉಳಿಯುತ್ತವೆ.

ಇದನ್ನು ಕೆಲಸದ ಜಾಗದಲ್ಲಿ ಕೈಯಲ್ಲೇ ನೋಡುತ್ತಾರೆ. ಕೈಗವಸು ಹಾಕಿಕೊಂಡು ಒಂದು ಮುಷ್ಟಿ ಮಿಕ್ಸ್ ತೆಗೆದುಕೊಂಡು ಅದುಮಿ ಉಂಡೆ ಕಟ್ಟುತ್ತಾರೆ. ಕೈ ಬಿಚ್ಚಿದಾಗ ಉಂಡೆ ಉದುರಿಹೋದರೆ ನೀರು ಸಾಲದು. ಉಂಡೆಯ ಸಂದುಗಳೆಲ್ಲ ಪೇಸ್ಟ್‌ನಿಂದ ಮುಚ್ಚಿಹೋಗಿ, ಕೈಗವಸಿಗೆಲ್ಲ ಬಳಿದುಕೊಂಡರೆ ನೀರು ಜಾಸ್ತಿ. ಉಂಡೆ ಹಾಗೇ ನಿಂತು, ಕಲ್ಲುಗಳ ಮೇಲೆ ಒದ್ದೆಯಾದ ಲೋಹದಂಥ ಹೊಳಪು ಕಂಡು, ಸಂದುಗಳು ತೆರೆದೇ ಇದ್ದರೆ ಹದ ಬಂದಿದೆ. ಹದ ಗೊತ್ತಿರುವ ಕೈ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಮಾನ್ಯ ಕಾಂಕ್ರೀಟ್ ಹಾಕಿ ಹಾಕಿ ಪಳಗಿದ ಮೇಸ್ತ್ರಿಯೂ ಇಲ್ಲಿ ಹೊಸದಾಗಿ ಕಲಿಯಬೇಕು. ಯಾಕೆಂದರೆ ಅಲ್ಲಿ ಒಳ್ಳೆಯದಾದ ಕೆಲವು ಅಭ್ಯಾಸಗಳು ಇಲ್ಲಿ ಕೇಡು ಮಾಡುತ್ತವೆ. ಕರಣೆಯಿಂದ ಮೇಲ್ಮೈ ನುಣ್ಣಗೆ ಉಜ್ಜಿದರೆ ತೂತುಗಳು ಅಲ್ಲೇ ಮುಚ್ಚುತ್ತವೆ. ವೈಬ್ರೇಟರ್ ಇಟ್ಟರೆ ಪೇಸ್ಟ್ ತಳಕ್ಕಿಳಿಯುತ್ತದೆ. ಹಾಗಾಗಿ ಬೇಕಾದ ಎತ್ತರಕ್ಕಿಂತ 15–20 ಮಿಲಿಮೀಟರ್ ಮೇಲಕ್ಕೆ ಸಮ ಮಾಡಿಕೊಂಡು, ಭಾರದ ಉಕ್ಕಿನ ರೋಲರ್ ಉರುಳಿಸಿ ಅಷ್ಟು ಮಾತ್ರ ಕೆಳಗೆ ಒತ್ತುತ್ತಾರೆ.

ಮುಂದಿನ ಹೆಜ್ಜೆ ಕ್ಯೂರಿಂಗ್. ಈ ಕಾಂಕ್ರೀಟ್‌ನಲ್ಲಿ ಮೊದಲೇ ನೀರು ಕಡಿಮೆ. ಮೇಲಿಂದ ಕೆಳಗಿನವರೆಗೆ ಗಾಳಿ ಆಡುವಷ್ಟು ಸಂದುಗಳು. ಬಿಸಿಲು, ಗಾಳಿ ಜೋರಾಗಿದ್ದರೆ ಮೇಲಿನ ಕಲ್ಲುಗಳ ಸುತ್ತ ಇರುವ ತೆಳ್ಳನೆಯ ಪೇಸ್ಟ್ ನೋಡನೋಡುತ್ತಲೇ ಒಣಗುತ್ತದೆ. ನೀರಿಲ್ಲದೆ ಒಣಗಿದ ಸಿಮೆಂಟ್ ಗಟ್ಟಿಯಾಗುವುದಿಲ್ಲ, ಪುಡಿಯಾಗಿ ಉಳಿಯುತ್ತದೆ. ಅದಕ್ಕೇ ಹಾಕಿದ 20 ನಿಮಿಷದೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಗಾಳಿ ನುಗ್ಗದಂತೆ ಭಾರ ಇಟ್ಟು ಮುಚ್ಚಿ, ಕಡಿಮೆ ಅಂದರೂ 7 ದಿನ ಹಾಗೇ ಬಿಡಬೇಕು ಎನ್ನುತ್ತಾರೆ. ಆ ಏಳು ದಿನ ಯಾರೂ ಕಾರು ಹತ್ತಿಸಬಾರದು. ಮೂರನೇ ದಿನಕ್ಕೇ ‘ಗಟ್ಟಿಯಾಗಿದೆಯಲ್ಲ’ ಎಂದು ಹಾಳೆ ಎತ್ತಿದರೆ ಮೇಲ್ಮೈಯ ಬಲ ಅಲ್ಲಿಗೇ ನಿಲ್ಲುತ್ತದೆ. ಆಗ ಉಳಿಸಿದ ನಾಲ್ಕು ದಿನದ ಬೆಲೆಯನ್ನು ಮುಂದೆ ವರ್ಷಗಟ್ಟಲೆ ತೆರಬೇಕಾಗುತ್ತದೆ.

ಜಲ್ಲಿ ಕಿತ್ತು ಬರುವುದು

ಹೊಸ ನೆಲದಲ್ಲಿ ಮೊದಲ ಕೆಲವು ವಾರ ಒಂದಷ್ಟು ಕಲ್ಲು ಉದುರುವುದು ಸಹಜ. ಮೇಲೆ ಸರಿಯಾಗಿ ಕೂರದ ಕಲ್ಲುಗಳು ಟೈರಿನ ಅಡಿ ಸಿಕ್ಕಿ ಹೊರಬರುತ್ತವೆ. ಗುಡಿಸಿದರೆ ಮುಗಿಯಿತು. ಆಮೇಲೆ ಅದು ನಿಲ್ಲಬೇಕು.

ನಿಲ್ಲದಿದ್ದರೆ ಎಲ್ಲಿ ಉದುರುತ್ತಿದೆ ನೋಡಿ. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಜಾಗ, ಒಳಗೆ ಬರುವ ತಿರುವು, ಜಾಯಿಂಟ್‌ಗಳ (ಕಾಂಕ್ರೀಟ್ ತುಂಡುಗಳ ನಡುವೆ ಬಿಡುವ ಗೆರೆಗಳ) ಅಂಚು. ಇವೇ ಮೊದಲು ಕೆಡುತ್ತವೆ. ಟೈರು ನೇರವಾಗಿ ಒತ್ತುವುದನ್ನು ಈ ನೆಲ ಚೆನ್ನಾಗಿ ತಡೆಯುತ್ತದೆ. ಪಕ್ಕಕ್ಕೆ ಉಜ್ಜುವುದನ್ನು ಅಷ್ಟು ತಡೆಯುವುದಿಲ್ಲ. ಒಳಗಿರುವ ಕಲ್ಲಿಗೆ ಎಲ್ಲ ಕಡೆಯಿಂದ ಆಸರೆ ಇದೆ. ಮೇಲಿನ ಕಲ್ಲಿಗೆ ಕೆಳಗಿನಿಂದ ಮೂರ್ನಾಲ್ಕು ಕಡೆ ಅಂಟು, ಅಷ್ಟೆ. ಅದು ಕಿತ್ತುಬಂದರೆ ಪಕ್ಕದ ಕಲ್ಲಿನ ಆಸರೆಯೂ ಕಡಿಮೆಯಾಗುತ್ತದೆ. ಹೀಗೆ ಒಂದು ಸಣ್ಣ ಗುಳಿ ನಿಧಾನಕ್ಕೆ ಅಗಲವಾಗುತ್ತಾ ಹೋಗುತ್ತದೆ.

ಇಡೀ ನೆಲದಲ್ಲಿ ಒಂದೇ ಸಮನೆ ಉದುರುತ್ತಿದ್ದರೆ ಮಿಕ್ಸ್ ಒಣಗಿತ್ತು ಅಥವಾ ಕ್ಯೂರಿಂಗ್ ಕೆಟ್ಟಿತ್ತು ಎಂದು ಅನುಮಾನಿಸಬೇಕು. ಒಂದು ಪಟ್ಟಿಯಲ್ಲಿ ಮಾತ್ರ ಉದುರುತ್ತಿದ್ದರೆ, ಆ ಲೋಡ್ ಲಾರಿಯಲ್ಲೇ ಜಾಸ್ತಿ ಹೊತ್ತು ಕಾದಿತ್ತೇನೋ, ಅಥವಾ ಹಾಳೆಯ ಅಂಚು ಅಲ್ಲಿ ಎದ್ದಿತ್ತೇನೋ. ಅಂದರೆ ನೆಲವೇ ತನ್ನ ಮೊದಲ ದಿನದ ಕಥೆ ಹೇಳುತ್ತದೆ. ನೋಡಲು ಕಲಿತರೆ ಸಾಕು.

ಬಿರುಕಿನ ವಿಷಯದಲ್ಲಿ ಮಾತ್ರ ಇದಕ್ಕೆ ಒಳ್ಳೆಯ ಹೆಸರಿದೆ. ನೀರು ಕಡಿಮೆ ಇರುವುದರಿಂದ ಒಣಗುವಾಗ ಕುಗ್ಗುವುದು ಸಾಮಾನ್ಯ ಕಾಂಕ್ರೀಟ್‌ನ ಅರ್ಧದಷ್ಟು ಮಾತ್ರ. ಜಾಯಿಂಟ್‌ಗಳನ್ನು ಸುಮಾರು 6 ಮೀಟರ್ ದೂರಕ್ಕೊಂದು ಕೊಡಬಹುದು. ಅವನ್ನು ಗರಗಸದಿಂದ ಕೊಯ್ಯುವ ಬದಲು, ಕಾಂಕ್ರೀಟ್ ಹಸಿಯಾಗಿರುವಾಗಲೇ ಅಂಚಿರುವ ರೋಲರ್‌ನಿಂದ ಒತ್ತಿ ಮಾಡಿದರೆ ಅಂಚು ಉದುರುವುದು ಕಡಿಮೆ. ಕಬ್ಬಿಣದ ಸರಳು ಇದರಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ. ಗಾಳಿ, ನೀರು ಎರಡೂ ಒಳಗೆ ಓಡಾಡುವ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ತೂತು ಕಟ್ಟಿಕೊಂಡರೆ?

ಜನಕ್ಕೆ ಜಾಸ್ತಿ ಭಯ ಇರುವುದು ಇದರದ್ದೇ. ಒಂದು ಲೆಕ್ಕ ಮಾಡಿ ನೋಡೋಣ.

ನೀರು ಎಷ್ಟು ಬೇಗ ಇಂಗುತ್ತದೆ ಎಂದು ಅಳೆಯಲು ಎಎಸ್‌ಟಿಎಂ ಸಿ1701 ಎಂಬ ಪರೀಕ್ಷೆ ಇದೆ. 300 ಮಿಲಿಮೀಟರ್ ಅಗಲದ ಒಂದು ಉಂಗುರವನ್ನು ನೆಲದ ಮೇಲಿಟ್ಟು, ಅಡಿಯಲ್ಲಿ ನೀರು ಸೋರದಂತೆ ಪುಟ್ಟಿ ಮೆತ್ತುತ್ತಾರೆ. ಮೊದಲು 3.6 ಲೀಟರ್ ನೀರು ಹಾಕಿ ನೆಲವನ್ನು ನೆನೆಸುತ್ತಾರೆ. ಆ ನೀರು 30 ಸೆಕೆಂಡಿನೊಳಗೆ ಇಳಿದರೆ, ಮುಂದಿನ ಅಳತೆಗೆ 18 ಲೀಟರ್ ಸುರಿಯುತ್ತಾರೆ. ಇಳಿಯದಿದ್ದರೆ ಮತ್ತೆ 3.6 ಲೀಟರ್ ಸಾಕು. ಸುರಿಯುವಾಗ ಉಂಗುರದೊಳಗೆ ನೀರಿನ ಮಟ್ಟ 10ರಿಂದ 15 ಮಿಲಿಮೀಟರ್ ನಡುವೆಯೇ ಇರುವಂತೆ ನೋಡಿಕೊಂಡು, ಎಲ್ಲ ಇಂಗಲು ಎಷ್ಟು ಹೊತ್ತಾಯಿತು ಎಂದು ಗಡಿಯಾರದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇಷ್ಟೇ ಪರೀಕ್ಷೆ. ದುಬಾರಿ ಯಂತ್ರ ಏನೂ ಬೇಡ.

ಆ ಉಂಗುರದೊಳಗೆ 18 ಲೀಟರ್ ಅಂದರೆ ಸುಮಾರು 255 ಮಿಲಿಮೀಟರ್ ಎತ್ತರದ ನೀರು. ಅದು ಒಂದು ನಿಮಿಷದಲ್ಲಿ ಇಂಗಿದರೆ ಗಂಟೆಗೆ 15,000 ಮಿಲಿಮೀಟರ್‌ಗಿಂತ ಜಾಸ್ತಿ ಆಯಿತು. ಹೊಸ ನೆಲ ಇಂಥ ವೇಗ ತೋರಿಸುವುದು ಅಪರೂಪವೇನಲ್ಲ. ಈಗ ಮಳೆಯನ್ನು ಪಕ್ಕದಲ್ಲಿಟ್ಟು ನೋಡಿ. ಗಂಟೆಗೆ 100 ಮಿಲಿಮೀಟರ್ ಸುರಿದರೆ ಅದು ಭಾರೀ ಮಳೆ. ಹೊಸ ನೆಲ ಅದರ ನೂರೈವತ್ತು ಪಟ್ಟು ನುಂಗಬಲ್ಲದು. ಅದೇ ನೆಲ ತನ್ನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕಳೆದುಕೊಂಡರೂ ಗಂಟೆಗೆ 750 ಮಿಲಿಮೀಟರ್ ಉಳಿಯಿತು. ಅಂದರೆ ‘ಇಂಗುವ ವೇಗ ಶೇ. 90 ಕುಸಿದಿದೆ’ ಎಂಬ ಮಾತು ಕೇಳಿ ಗಾಬರಿ ಬೀಳಬೇಕಿಲ್ಲ. ಎಷ್ಟು ಕುಸಿಯಿತು ಅನ್ನುವುದಕ್ಕಿಂತ ಎಷ್ಟು ಉಳಿಯಿತು ಅನ್ನುವುದು ಮುಖ್ಯ.

ಈ ಲೆಕ್ಕದಲ್ಲಿ ಒಂದು ಷರತ್ತಿದೆ. ನೆಲದ ಮೇಲೆ ಬಿದ್ದ ಮಳೆ ಮಾತ್ರ ಇಂಗಬೇಕಾದರೆ ಇದು ಸರಿ. ಚಾವಣಿಯ ನೀರು, ಪಕ್ಕದ ಡಾಂಬರು ದಾರಿಯ ನೀರು ಎಲ್ಲವನ್ನೂ ಇದರ ಮೇಲೆ ಬಿಟ್ಟರೆ ಹೊರೆ ಹಲವು ಪಟ್ಟಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ನೀರು ಹೊತ್ತು ತರುವ ದೂಳು, ಮಣ್ಣು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ 2009ರಲ್ಲಿ 110 ಕಾರುಗಳ ಪಾರ್ಕಿಂಗ್ ಜಾಗವನ್ನೇ ಪ್ರಯೋಗಕ್ಕಾಗಿ ಕಟ್ಟಿತು. ಪರ್ವಿಯಸ್ ಕಾಂಕ್ರೀಟ್, ಸಂದು ಬಿಟ್ಟು ಜೋಡಿಸಿದ ಪೇವರ್ ಬ್ಲಾಕ್, ನೀರು ಇಂಗಿಸುವ ಡಾಂಬರು, ಮೂರನ್ನೂ ಅಲ್ಲಿ ಹಾಕಿದ್ದರು. ಮೂರರಲ್ಲಿ ನೀರು ಅತಿ ಬೇಗ ಇಂಗಿದ್ದು ಪರ್ವಿಯಸ್ ಕಾಂಕ್ರೀಟ್‌ನಲ್ಲಿ. ಅಲ್ಲಿ ಕಾರು ಓಡುವ ದಾರಿ ಮಾತ್ರ ಸಾಮಾನ್ಯ ಡಾಂಬರು, ಅದರ ನೀರು ಈ ಸಾಲುಗಳಿಗೆ ಹರಿಯುತ್ತಿತ್ತು. ಡಾಂಬರಿಗೆ ತಾಗಿದ ಮೇಲಿನ ಅಂಚು ಮೊದಲು ಕಟ್ಟಿಕೊಳ್ಳುತ್ತದೆ, ಅಲ್ಲಿಂದ ಇಳಿಜಾರಿನ ಕಡೆ ಹಬ್ಬುತ್ತದೆ ಎಂದು ಅಲ್ಲಿನ ಅಳತೆಗಳು ತೋರಿಸಿದವು. ಹಾಗಾಗಿ ಗುಡಿಸಲು ಸಮಯ ಕಡಿಮೆ ಇದ್ದರೆ ಇಡೀ ನೆಲವನ್ನು ಸುಮ್ನೆ ತೇಲಿಸಿ ಗುಡಿಸುವ ಬದಲು ನೀರು ಒಳಬರುವ ಆ ಅಂಚನ್ನು ಮೊದಲು ಸ್ವಚ್ಛ ಮಾಡುವುದು ಜಾಣತನ.

ಕಸ ಎಷ್ಟು ಆಳಕ್ಕೆ ಇಳಿಯುತ್ತದೆ? ಹೆಚ್ಚಿನ ಪಾಲು ಮೇಲಿನ ಎರಡು ಮೂರು ಸೆಂಟಿಮೀಟರ್‌ನಲ್ಲೇ ನಿಲ್ಲುತ್ತದೆ. ಮೇಲ್ಪದರ ಜರಡಿಯಂತೆ ಕೆಲಸ ಮಾಡುತ್ತದೆ. ಇದೇ ನಮಗೆ ಅನುಕೂಲ. ಅಷ್ಟು ಮೇಲಿದ್ದರೆ ಹೊರಗೆ ತೆಗೆಯಬಹುದು. ಗಾಳಿಯನ್ನು ಹೀರಿ ಕಸ ಎತ್ತುವ ವ್ಯಾಕ್ಯೂಮ್ ಗಾಡಿ ಇದಕ್ಕೆ ಒಳ್ಳೆಯದು. ಬರೀ ಬ್ರಷ್ ತಿರುಗಿಸುವ ಗಾಡಿ ದೂಳನ್ನು ಇನ್ನಷ್ಟು ಒಳಗೆ ತಳ್ಳುವ ಅಪಾಯ ಇದೆ. ಪ್ರೆಷರ್ ವಾಷ್ ಕೂಡ ಕೆಲಸ ಮಾಡುತ್ತದೆ, ಆದರೆ ಒತ್ತಡ ಜಾಸ್ತಿ ಇಟ್ಟು ನಳಿಕೆಯನ್ನು ನೇರ ಕೆಳಗೆ ಹಿಡಿದರೆ ಕಲ್ಲೇ ಕಿತ್ತುಬರಬಹುದು, ಮಣ್ಣು ಆಳಕ್ಕೂ ಇಳಿಯಬಹುದು. ಓರೆಯಾಗಿ ಹಿಡಿದು, ಎದ್ದ ಕೆಸರನ್ನು ಆಗಲೇ ಹೀರಿ ತೆಗೆಯಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಫಲಿತಾಂಶ ಚೆನ್ನ. ವರ್ಷಕ್ಕೆ ಒಂದೆರಡು ಸಲ ಸಾಮಾನ್ಯವಾಗಿ ಸಾಕು. ಎಲೆ ಉದುರುವ ಮರಗಳ ಕೆಳಗಾದರೆ ಇನ್ನೂ ಹೆಚ್ಚು. ಎಲೆ ಬಿದ್ದಾಗಲೇ ತೆಗೆಯುವುದು ಸುಲಭ. ಕೊಳೆತು, ಟೈರಿನ ಅಡಿ ಅರೆದು, ಜಿಗುಟಾಗಿ ಮಣ್ಣಿನ ಜೊತೆ ಬೆರೆತ ಮೇಲೆ ಕಷ್ಟ.

ವರ್ಷಗಟ್ಟಲೆ ಮುಟ್ಟದೆ ಬಿಟ್ಟ ನೆಲವನ್ನೂ ಸ್ವಲ್ಪ ಮಟ್ಟಿಗೆ ಬದುಕಿಸಬಹುದು. ಹೊಸದರ ವೇಗ ಮಾತ್ರ ಪೂರ್ತಿ ಮರಳಿ ಬರುವುದಿಲ್ಲ. ಜೇಡಿಮಣ್ಣು ಆಳಕ್ಕೆ ಇಳಿದು ಒಣಗಿ ಕೂತಿದ್ದರೆ ಅದನ್ನು ತೆಗೆಯುವುದು ಮರಳನ್ನು ತೆಗೆದಷ್ಟು ಸುಲಭವಲ್ಲ.

ಇನ್ನು ಕೆಲವು ಹೊಡೆತಗಳು ಒಂದೇ ದಿನದಲ್ಲಿ ಬೀಳುತ್ತವೆ. ಕಟ್ಟಡದ ಕೆಲಸ ಮುಗಿಯುವ ಮೊದಲೇ ಈ ನೆಲ ಹಾಕಿ, ಆಮೇಲೆ ಕೆಸರಿನ ಟೈರಿನ ಲಾರಿಗಳು ಅದರ ಮೇಲೆ ಓಡಾಡಿದರೆ ಉದ್ಘಾಟನೆಗೆ ಮುಂಚೆಯೇ ತೂತು ಮುಚ್ಚಿರುತ್ತದೆ. ತೋಟದ ಕೆಲಸದವರು ಗೊಬ್ಬರ, ಮಣ್ಣಿನ ರಾಶಿಯನ್ನು ಇದರ ಮೇಲೆ ಸುರಿಯುತ್ತಾರೆ. ಇದು ಬೇರೆ ಥರದ ನೆಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎಲ್ಲಕ್ಕಿಂತ ಬೇಸರದ್ದು ಇನ್ನೊಂದಿದೆ. ಪಕ್ಕದ ಡಾಂಬರಿಗೆ ಸೀಲ್ ಕೋಟ್ ಬಳಿಯುವವರು ಇದಕ್ಕೂ ಒಂದು ಕೈ ಬಳಿದುಬಿಡುತ್ತಾರೆ. ಅದು ಶಾಶ್ವತ. ಯಾವ ವ್ಯಾಕ್ಯೂಮ್ ಗಾಡಿಯೂ ಅದನ್ನು ತೆಗೆಯಲಾರದು. ‘ಇಲ್ಲಿ ಮಣ್ಣು ಸುರಿಯಬೇಡಿ, ಸೀಲ್ ಮಾಡಬೇಡಿ’ ಎಂಬ ಒಂದು ಬೋರ್ಡ್ ನಿಲ್ಲಿಸುವುದು ನೆಲ ಹಾಕಿದಷ್ಟೇ ಮುಖ್ಯ ಎಂದು ನನಗನಿಸುತ್ತದೆ.

ಇಂಗಿದ ನೀರು ಎಲ್ಲಿಗೆ ಹೋಗುತ್ತದೆ?

ಮೇಲ್ಮೈ ಚೆನ್ನಾಗಿದ್ದೂ ನೆಲ ಸೋಲಬಹುದು, ಕೆಳಗಿನ ಬೆಡ್ ಸೋತರೆ. 150 ಮಿಲಿಮೀಟರ್ ಕಾಂಕ್ರೀಟ್‌ನಲ್ಲಿ ಶೇ. 20 ಖಾಲಿ ಎಂದರೆ 30 ಮಿಲಿಮೀಟರ್ ಮಳೆ ಹಿಡಿಯುತ್ತದೆ. ಅದರಡಿ 300 ಮಿಲಿಮೀಟರ್ ತೊಳೆದ ಜಲ್ಲಿ ಇದ್ದು, ಅದರಲ್ಲಿ ಶೇ. 40 ಖಾಲಿ ಇದ್ದರೆ ಇನ್ನೂ 120 ಮಿಲಿಮೀಟರ್. ಒಟ್ಟು 150 ಮಿಲಿಮೀಟರ್ ಮಳೆಯನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುವ ತೊಟ್ಟಿ ಅದು. 100 ಚದರ ಮೀಟರ್ ಜಾಗಕ್ಕೆ 15,000 ಲೀಟರ್. ಆ ನೀರು ಒಂದರಿಂದ ಮೂರು ದಿನದೊಳಗೆ ಕೆಳಗಿನ ಮಣ್ಣಿಗೆ ಇಳಿಯಬೇಕು. ಜೇಡಿಮಣ್ಣಾದರೆ ಅಷ್ಟು ಬೇಗ ಇಳಿಯುವುದಿಲ್ಲ, ಆಗ ಬೆಡ್‌ನೊಳಗೆ ತೂತಿನ ಪೈಪ್ ಹಾಕಿ ಹೊರಕ್ಕೆ ಬಿಡಬೇಕು. ಮಣ್ಣನ್ನು ರೋಲರ್‌ನಿಂದ ಬಹಳ ಬಿಗಿ ಮಾಡಿದರೆ ನೀರು ಇಳಿಯುವುದಿಲ್ಲ, ಬಿಗಿ ಮಾಡದಿದ್ದರೆ ನೆಲ ಕುಸಿಯುತ್ತದೆ. ಈ ಎರಡರ ನಡುವಿನ ಹದ ಹುಡುಕುವುದು ಎಂಜಿನಿಯರ್‌ಗೆ ಬಿಟ್ಟ ಕೆಲಸ. ಜಾಗ ಇಳಿಜಾರಾಗಿದ್ದರೆ ನೀರೆಲ್ಲ ಬೆಡ್‌ನೊಳಗೇ ಕೆಳತುದಿಗೆ ಓಡಿ ಅಲ್ಲಿ ಮೇಲೆ ಉಕ್ಕುತ್ತದೆ. ಅದಕ್ಕೆ ನಡುನಡುವೆ ಅಡ್ಡಗೋಡೆ ಕೊಡಬೇಕು.

ಹಿಮ ಬೀಳುವ ಕಡೆ ಇದೇ ವಿಷಯ ಆಯಸ್ಸಿನ ಪ್ರಶ್ನೆಯಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು ಶೇ. 9 ಹಿಗ್ಗುತ್ತದೆ. ಸಂದುಗಳು ಖಾಲಿ ಇದ್ದರೆ ಹಿಗ್ಗಲು ಜಾಗ ಇದೆ, ಏನೂ ಆಗುವುದಿಲ್ಲ. ಸಂದುಗಳು ಮಣ್ಣಿನಿಂದ ಕಟ್ಟಿ, ಅದರಲ್ಲಿ ನೀರು ನಿಂತು, ಅದು ಹೆಪ್ಪುಗಟ್ಟಿದರೆ ತೆಳ್ಳನೆಯ ಪೇಸ್ಟ್ ಬೆಸುಗೆಗಳು ಬಿಡುತ್ತವೆ. ಅಂದರೆ ಗುಡಿಸದಿರುವುದರ ಶಿಕ್ಷೆ ಅಲ್ಲಿ ಎರಡು ಪಟ್ಟು. ನೀರು ಇಂಗುವುದೂ ನಿಲ್ಲುತ್ತದೆ, ಕಲ್ಲೂ ಕಿತ್ತುಬರುತ್ತದೆ. ಜಾರದಿರಲೆಂದು ಮರಳು ಎರಚುವ ರೂಢಿ ಇರುವ ಕಡೆ ಇದರ ಮೇಲೆ ಮರಳು ಹಾಕಲೇಬಾರದು. ಹಿಮ ಕರಗಿಸುವ ಉಪ್ಪನ್ನು ಮೊದಲ ಚಳಿಗಾಲದಲ್ಲಂತೂ ದೂರ ಇಡಬೇಕು, ಆಮೇಲೂ ಮಿತಿ ಇರಬೇಕು. ಕರಗಿದ ಹಿಮ ಇಲ್ಲಿ ನಿಂತು ಮತ್ತೆ ಗಾಜಿನಂತೆ ಗಟ್ಟಿಯಾಗದೆ ಕೆಳಗಿಳಿಯುವುದರಿಂದ ಉಪ್ಪು ಬೇಕಾಗುವುದೂ ಕಡಿಮೆ.

ರಿಪೇರಿ ಈ ನೆಲದ ಬಲವಲ್ಲ. ಕಿತ್ತುಹೋದ ಗುಳಿಗೆ ಹೊಸ ಮಿಕ್ಸ್ ತುಂಬಿದರೆ ಹಳೆಯದಕ್ಕೆ ಅದು ಸರಿಯಾಗಿ ಅಂಟುವುದಿಲ್ಲ, ಬಣ್ಣವೂ ಹೊಂದುವುದಿಲ್ಲ. ಸಣ್ಣ ಗುಳಿಯಾದರೆ ಸಾಮಾನ್ಯ ಕಾಂಕ್ರೀಟ್ ತುಂಬಿ ಬಿಡಬಹುದು, ಅಷ್ಟು ಜಾಗದಲ್ಲಿ ನೀರು ಇಂಗದಿದ್ದರೆ ಲೋಕ ಮುಳುಗುವುದಿಲ್ಲ, ಪಕ್ಕದಲ್ಲಿ ಇಂಗುತ್ತದೆ. ಹಾನಿ ಹಬ್ಬಿದ್ದರೆ ಜಾಯಿಂಟ್‌ನಿಂದ ಜಾಯಿಂಟ್‌ವರೆಗೆ ಇಡೀ ತುಂಡನ್ನು ಎತ್ತಿ ಹೊಸದಾಗಿ ಹಾಕಬೇಕು. ಆಗ ಕೆಳಗಿನ ಜಲ್ಲಿ ಬೆಡ್ ನೋಡಲು ಸಿಗುವ ಅವಕಾಶ ಬಿಡಬೇಡಿ. ಅದು ಸ್ವಚ್ಛವಾಗಿದ್ದರೆ ಮೇಲಿನ ತುಂಡು ಮಾತ್ರ ಬದಲಿಸಿ. ಅಲ್ಲೂ ಕೆಸರು ಕೂತಿದ್ದರೆ ಹೊಸ ಕಾಂಕ್ರೀಟ್ ಹಾಕುವ ಮೊದಲು ಆ ಜಲ್ಲಿಯನ್ನೂ ಬದಲಿಸಿ, ಕೆಸರು ಎಲ್ಲಿಂದ ಬಂತು ಎಂದು ಹುಡುಕಿ ಆ ದಾರಿ ಮುಚ್ಚಿ.